ಮೂವತ್ತಾರನೆಯ ವರುಷದ ನಿವೃತ್ತಿ

ಮೂವತ್ತು ವರುಷ ದಾಟಿದ ತರುಣರು ಈಗ ನಿವೃತ್ತಿಯ ಮಾತನ್ನಾಡುತ್ತಾರೆ. ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಹತ್ತು ಹನ್ನೆರಡು ವರುಷ ದುಡಿದು, ಸಂಬಳದಲ್ಲಿ ಅರ್ಧವನ್ನು ಕೂಡಿಟ್ಟು, ಅದರ ಬಡ್ಡಿಯಿಂದ ಉಳಿದ ಆಯುಷ್ಯವನ್ನು ಕಳೆಯಬಹುದೆಂದು ಲೆಕ್ಕ ಹಾಕುವವರು ನಮ್ಮ ನಡುವೆ ಇದ್ದಾರೆ. ಹಿರಿಯರಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ಮಕ್ಕಳ ಮದುವೆ ಮುಗಿದು, ತಲೆ ನರೆತು, ಮೊಮ್ಮಗನ ಮುಖ ಕಂಡ ಮೇಲೆ ವಾನಪ್ರಸ್ಥವೆಂದು ನಮ್ಮ ಶಾಸ್ತ್ರಗಳು ಹೇಳಿದವು. ಐವತ್ತೈದಕ್ಕೆ ನಿವೃತ್ತಿಯೆಂದು ಬ್ರಿಟಿಷ್ ಸರಕಾರ ಹೇಳಿತು. ಈ ಎರಡರ ನಡುವೆ ಹೆಚ್ಚಿನ ಅಂತರವಿರಲಿಲ್ಲವಾದುದರಿಂದ ಎರಡೂ ನಮಗೆ ಒಗ್ಗಿಹೋದವು. ಮೂವತ್ತರಲ್ಲಿಯೇ ಬಿಡುಗಡೆ ಬೇಕೆನ್ನುವವನನ್ನು ಸೋಮಾರಿಯೆಂದೋ ಪರದೇಶದ ಗಾಳಿ ಸೋಕಿದವನೆಂದೋ ಕರೆದು ನಾವು ಸುಮ್ಮನಾಗುತ್ತೇವೆ.

ಆದರೆ ಈ ಯೋಚನೆ ಅಷ್ಟು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆ ಪಟ್ಟಣದ ಕೆಲವು ಬಡ ಪದವೀಧರರು ಇದನ್ನು ಒಂದು ಪದ್ಧತಿಯನ್ನಾಗಿಯೇ ಕಟ್ಟಿದ್ದರು. ಆ ಪದ್ಧತಿಯಿಂದ ಹೊರಬಂದವರಲ್ಲಿ ಅತ್ಯಂತ ಪ್ರಸಿದ್ಧರಾದವರು ಗೋಪಾಲಕೃಷ್ಣ ಗೋಖಲೆಯವರು. ೧೯೦೨ರ ಸೆಪ್ಟೆಂಬರಿನಲ್ಲಿ ಅವರು ಫರ್ಗ್ಯುಸನ್ ಕಾಲೇಜಿನಿಂದ ನಿವೃತ್ತರಾದಾಗ ಅವರ ವಯಸ್ಸು ಮೂವತ್ತಾರು. ತಿಂಗಳಿಗೆ ೩೦ ರೂಪಾಯಿ ಮೀರದ ವಿಶ್ರಾಂತಿ ವೇತನ ಅವರಿಗೆ ಗೊತ್ತಾಗಿತ್ತು. ಗೋಖಲೆಯವರ ರಾಜಕಾರಣದ ಬಗೆಗೆ ಬೇಕಾದಷ್ಟು ಬರೆದಿದ್ದಾರೆ. ಅವರ ನಿವೃತ್ತಿಯ ಲೆಕ್ಕವನ್ನು ಬಿಡಿಸಿ ನೋಡಿದವರು ಕಡಿಮೆ. ಇಂದಿನ ತರುಣರ ಪ್ರಶ್ನೆಗೆ ಆ ಲೆಕ್ಕದಲ್ಲಿ ಒಂದಿಷ್ಟು ಉತ್ತರವಿದೆ, ಒಂದಿಷ್ಟು ಎಚ್ಚರಿಕೆಯೂ ಇದೆ.

ಮೊದಲು ಆ ಪದ್ಧತಿಯ ಮಾತು. ವಿಷ್ಣುಶಾಸ್ತ್ರಿ ಚಿಪಳೂಣಕರರು ಸರಕಾರದ ಉಪಾಧ್ಯಾಯ ವೃತ್ತಿಯನ್ನು ಬಿಟ್ಟುಬಂದು ೧೮೮೦ರ ಜನವರಿಯಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಬಾಲ ಗಂಗಾಧರ ತಿಲಕರೂ ಗೋಪಾಲ ಗಣೇಶ ಆಗರಕರರೂ ಅವರೊಡನೆ ಸೇರಿದರು. ಎಲ್ಲರೂ ಇಪ್ಪತ್ತರ ಹರೆಯದವರು. ಚಿಪಳೂಣಕರರು ಎರಡು ವರುಷದಲ್ಲಿಯೇ, ೧೮೮೨ರಲ್ಲಿ, ತೀರಿಕೊಂಡರು. ಉಳಿದವರು ಧೃತಿಗೆಡದೆ ೧೮೮೪ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿದರು. ಮರುವರುಷ ಫರ್ಗ್ಯುಸನ್ ಕಾಲೇಜು ಆರಂಭವಾಯಿತು. ದೊಡ್ಡ ಸಂಬಳ ಕೊಟ್ಟು ಅಧ್ಯಾಪಕರನ್ನು ತರುವ ಶಕ್ತಿ ಆ ಸಂಸ್ಥೆಗೆ ಇರಲಿಲ್ಲ. ಹಾಗೆಂದು ಇಂದು ಬಂದು ನಾಳೆ ಹೋಗುವ ಉಪಾಧ್ಯಾಯರನ್ನು ನೆಚ್ಚಿಕೊಂಡು ಕಾಲೇಜು ನಡೆಸುವುದೂ ಸಾಧ್ಯವಿರಲಿಲ್ಲ. ಆದುದರಿಂದ ಅವರು ‘ಆಜೀವ ಸದಸ್ಯ’ರೆಂಬ ಏರ್ಪಾಟನ್ನು ಮಾಡಿಕೊಂಡರು.

ಆಜೀವವೆಂದು ಹೆಸರಾದರೂ ಪ್ರತಿಜ್ಞೆ ಇದ್ದುದು ಇಪ್ಪತ್ತು ವರುಷದ್ದು. ಅಷ್ಟು ಕಾಲ ಸಂಸ್ಥೆಗೆ ದುಡಿಯತಕ್ಕದ್ದು. ಸಂಬಳ ತಿಂಗಳಿಗೆ ೭೫ ರೂಪಾಯಿ. ಜೀವವಿಮೆಯ ಏರ್ಪಾಟು ಉಂಟು. ಅವಧಿ ಮುಗಿದ ಮೇಲೆ ಅಲ್ಪವಾದ ವಿಶ್ರಾಂತಿ ವೇತನ. ಲೆಕ್ಕವನ್ನು ಗಮನಿಸಿ. ಪದವಿ ಮುಗಿಸಿದೊಡನೆ, ಇಪ್ಪತ್ತು ಇಪ್ಪತ್ತೊಂದರಲ್ಲಿ ಸೇರಿದವನು ನಲವತ್ತರ ಹೊಸ್ತಿಲಲ್ಲಿ ಬಿಡುಗಡೆ ಪಡೆಯುತ್ತಾನೆ. ಅವನು ಕೂಡಿಟ್ಟ ಗಂಟೇನೂ ಇರುವುದಿಲ್ಲ. ಆದರೆ ಇಪ್ಪತ್ತು ವರುಷ ೭೫ ರೂಪಾಯಿಯಲ್ಲಿ ಸಂಸಾರ ನಡೆಸಿದವನಿಗೆ ಒಂದು ಸಾಮರ್ಥ್ಯ ಬಂದಿರುತ್ತದೆ. ಕಡಿಮೆಯಲ್ಲಿ ಬದುಕುವುದನ್ನು ಅವನು ಹೊಸದಾಗಿ ಕಲಿಯಬೇಕಾಗಿಲ್ಲ.

ಗೋಖಲೆಯವರು ಈ ಕಟ್ಟಿಗೆ ಒಳಗಾದ ಬಗೆಯನ್ನು ನೋಡಬೇಕು. ಅವರು ಹುಟ್ಟಿದುದು ೧೮೬೬ರ ಮೇ ೯ರಂದು, ರತ್ನಾಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬೆಳೆದುದು ನಮ್ಮ ನಿಪ್ಪಾಣಿಗೆ ಸಮೀಪವಾದ ಕಾಗಲದಲ್ಲಿ. ಹದಿಮೂರನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ಓದನ್ನು ನಿಲ್ಲಿಸಿ ೧೫ ರೂಪಾಯಿಯ ನೌಕರಿ ಹಿಡಿದರು. ಅದರಲ್ಲಿ ೮ ರೂಪಾಯಿಯನ್ನು ತಿಂಗಳು ತಿಂಗಳೂ ತಮ್ಮನ ಓದಿಗೆ ಕಳುಹಿಸಿ, ಉಳಿದ ೭ ರೂಪಾಯಿಯಲ್ಲಿ ಮನೆ ನಡೆಸಿದರು. ಗೋಖಲೆಯವರು ೧೮೮೪ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಇನ್ನು ಮನೆಯ ಕಷ್ಟ ತೀರಿತೆಂದು ಮನೆಯವರು ಎಣಿಸಿದ್ದರೆ ಅದು ತಪ್ಪಲ್ಲ. ಕಾನೂನು ಓದಿ ವಕೀಲರಾಗಬಹುದಿತ್ತು, ಸರಕಾರದ ನೌಕರಿ ಹಿಡಿದು ಮೇಲೇರಬಹುದಿತ್ತು. ಗೋಖಲೆಯವರು ಕಾನೂನನ್ನು ಓದತೊಡಗಿದರು, ಮುಗಿಸಲಿಲ್ಲ. ೧೮೮೫ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಉಪಾಧ್ಯಾಯರಾಗಿ ಸೇರಿದರು. ಸ್ವಲ್ಪ ಕಾಲದಲ್ಲಿಯೇ ಆಜೀವ ಸದಸ್ಯರಾಗಲು ನಿಶ್ಚಯಿಸಿ ಅಣ್ಣನ ಒಪ್ಪಿಗೆ ಬೇಡಿದರು. ಅಣ್ಣ ಒಪ್ಪಿದರು. ಇಡೀ ಕಥೆಯಲ್ಲಿ ದೊಡ್ಡ ತ್ಯಾಗ ಯಾರದೆಂದು ಕೇಳಿದರೆ ಈ ಗೋವಿಂದರಾಯರನ್ನು ಮರೆಯುವಂತಿಲ್ಲ. ಒಬ್ಬನ ಬಿಡುಗಡೆಯ ಲೆಕ್ಕದಲ್ಲಿ ಮನೆಯವರ ಪಾಲು ಎಷ್ಟೆಂಬುದು ಸಾಮಾನ್ಯವಾಗಿ ಬರೆಯದೆ ಉಳಿಯುವ ಬಾಬತ್ತು.

ಕಾಲೇಜಿನಲ್ಲಿ ಅವರು ಇಂಗ್ಲಿಷ್ ಸಾಹಿತ್ಯ ಕಲಿಸಿದರು, ಗಣಿತ ಕಲಿಸಿದರು, ಇತಿಹಾಸ ಮತ್ತು ಅರ್ಥಶಾಸ್ತ್ರವನ್ನೂ ಕಲಿಸಿದರು. ಯಾವ ವಿಷಯಕ್ಕೆ ಅಧ್ಯಾಪಕರಿಲ್ಲವೋ ಅದಕ್ಕೆ ಗೋಖಲೆಯವರಿದ್ದಾರೆಂದು ಜತೆಯವರು ತಮಾಷೆ ಮಾಡುತ್ತಿದ್ದರು. ಬಿಡುವಿನ ದಿನಗಳಲ್ಲಿ ಕಾಲೇಜಿನ ಕಟ್ಟಡಕ್ಕಾಗಿ ಊರೂರು ತಿರುಗಿ ಚಂದಾ ಎತ್ತಿದರು. ಈ ದುಡಿಮೆಯ ನಡುವೆ ಒಂದು ಅಂಕಗಣಿತದ ಪುಸ್ತಕ ಬರೆದರು. ಅದು ಶಾಲೆಗಳಲ್ಲಿ ನೆಲೆಯೂರಿ, ಬಹುಕಾಲ ಬಳಕೆಯಲ್ಲಿದ್ದು, ಕರ್ತೃವಿಗೆ ಒಂದು ನಿಯತವಾದ ಆದಾಯವನ್ನು ತಂದುಕೊಟ್ಟಿತು. ಬಿಡುಗಡೆಗಾಗಿ ದುಡ್ಡು ಕೂಡಿಸಬೇಕೆಂದು ಅವರು ಪುಸ್ತಕ ಬರೆದರೆನ್ನುವುದು ಸರಿಯಾಗದು. ಆದರೆ ಮುಂದೆ ನೌಕರಿ ಬಿಟ್ಟಾಗ ವಿಶ್ರಾಂತಿ ವೇತನದ ಜತೆಗೆ ನಿಂತ ಎರಡನೆಯ ಆಸರೆ ಈ ಪುಸ್ತಕವೇ.

ಹೊರಗಿನ ಆದಾಯ ಮತ್ತು ಹೊರಗಿನ ಕೆಲಸ ಎಂಬ ಈ ವಿಷಯವೇ ಸೊಸೈಟಿಯನ್ನು ಒಡೆದುದು ಇತಿಹಾಸದ ವಿನೋದ. ಆಜೀವ ಸದಸ್ಯನಾದವನ ಕಾಲವೆಲ್ಲ ಸಂಸ್ಥೆಗೆ ಸೇರಿದ್ದು, ಪಾದ್ರಿಗಳ ಮಠದಂತೆ ಎಲ್ಲರೂ ಒಂದೇ ವ್ರತದಿಂದ ಬದುಕತಕ್ಕದ್ದು ಎಂಬುದು ತಿಲಕರ ಮತ. ಸಂಸ್ಥೆಯ ಕೆಲಸಕ್ಕೆ ಕುಂದು ಬಾರದಿದ್ದರೆ ಉಳಿದ ವೇಳೆಯನ್ನು ಸದಸ್ಯನು ತನಗೆ ಸರಿತೋರಿದಂತೆ ಬಳಸಬಹುದು ಎಂಬುದು ಇತರರ ಮತ. ೧೮೯೦ರಲ್ಲಿ ಗೋಖಲೆಯವರು ಪುಣೆಯ ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾದಾಗ ಜಗಳ ತುದಿಮುಟ್ಟಿತು. ಆ ವರುಷದ ಡಿಸೆಂಬರಿನಲ್ಲಿ ತಿಲಕರು ರಾಜೀನಾಮೆ ಕೊಟ್ಟು ಹೊರಬಂದರು. ಇಬ್ಬರದೂ ಮುಂದಿನ ದಾರಿ ಬೇರೆಯಾಯಿತು. ವ್ರತವೆಂದರೆ ಪೂರ್ಣವಾಗಿರಬೇಕು ಎಂದ ತಿಲಕರು ಸಂಸ್ಥೆಯನ್ನು ಒಮ್ಮೆಗೇ ಬಿಟ್ಟರು. ಸ್ವಲ್ಪ ಸಡಿಲ ಬೇಕು ಎಂದ ಗೋಖಲೆಯವರು ಇನ್ನೂ ಹನ್ನೆರಡು ವರುಷ ಅಲ್ಲಿಯೇ ಉಳಿದು ಮಾತು ನಡೆಸಿದರು.

ಆ ಸಡಿಲದಲ್ಲಿ ಅವರು ಮಾಡಿಕೊಂಡ ಸಿದ್ಧತೆ ಸಾಮಾನ್ಯವಾದುದಲ್ಲ. ಮಹಾದೇವ ಗೋವಿಂದ ರಾನಡೆಯವರು ಅವರಿಗೆ ಗುರುವಾಗಿ ದೊರೆತರು. ಸರಕಾರದ ವರದಿಗಳು, ಆಯವ್ಯಯದ ಪಟ್ಟಿಗಳು, ಕಂದಾಯದ ಲೆಕ್ಕಗಳು ಇವನ್ನೆಲ್ಲ ಓದಿ, ಸಾರ ತೆಗೆದು, ತಿದ್ದಿ, ಮತ್ತೆ ಬರೆಯುವ ಕಠಿಣವಾದ ಅಭ್ಯಾಸವನ್ನು ರಾನಡೆಯವರು ಶಿಷ್ಯನಿಂದ ವರುಷಗಟ್ಟಲೆ ಮಾಡಿಸಿದರು. ೧೮೯೭ರಲ್ಲಿ ಗೋಖಲೆಯವರು ಇಂಗ್ಲೆಂಡಿಗೆ ಹೋಗಿ ವೆಲ್ಬಿ ಆಯೋಗದ ಮುಂದೆ ಭಾರತದ ಹಣಕಾಸಿನ ಬಗೆಗೆ ಸಾಕ್ಷ್ಯ ಕೊಟ್ಟಾಗ ಅವರ ವಯಸ್ಸು ಮೂವತ್ತೊಂದರ ಆಸುಪಾಸು. ಅದೇ ವರುಷ ಪ್ಲೇಗಿನ ಕಾಲದ ದೌರ್ಜನ್ಯಗಳ ಬಗೆಗೆ ಅಲ್ಲಿ ಆಡಿದ ಮಾತಿಗೆ ಸಾಕ್ಷಿ ಸಿಗದೆ ಅವರು ಕ್ಷಮೆ ಕೇಳಬೇಕಾಯಿತು. ಪುಣೆಯಲ್ಲಿ ತೀಕ್ಷ್ಣವಾದ ನಿಂದೆಗೂ ಗುರಿಯಾದರು. ತರಗತಿಯ ಮರೆಯಲ್ಲಿ ಉಳಿದುಬಿಡಲು ಅದೇ ಸಾಕಾದ ಕಾರಣವಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕೆಲವೇ ವರುಷದಲ್ಲಿ ಮುಂಬಯಿ ಶಾಸನ ಸಭೆಗೂ ಅನಂತರ ವೈಸರಾಯರ ಶಾಸನ ಸಭೆಗೂ ಆಯ್ಕೆಯಾದರು. ೧೯೦೨ರ ಮಾರ್ಚಿನಲ್ಲಿ ಅಲ್ಲಿ ಮಾಡಿದ ಮೊದಲ ಆಯವ್ಯಯ ಭಾಷಣ ದೇಶದ ಗಮನವನ್ನೆಲ್ಲ ಸೆಳೆಯಿತು. ಇಷ್ಟೆಲ್ಲ ಆದುದು ಅವರು ಇನ್ನೂ ಕಾಲೇಜಿನ ಸಂಬಳದಲ್ಲಿದ್ದಾಗ ಎಂಬುದನ್ನು ನೆನೆಯಬೇಕು. ನೌಕರಿ ಬಿಟ್ಟ ಮೇಲೆ ಏನು ಮಾಡಲಿ ಎಂಬ ಪ್ರಶ್ನೆ ಅವರಿಗೆ ಬರಲೇ ಇಲ್ಲ. ಮಾಡಬೇಕಾದ ಕೆಲಸ ಬೆಳೆದು ನೌಕರಿಯನ್ನೇ ಹೊರಗೆ ತಳ್ಳಿತು.

ಗುರುವಿನ ಬದುಕೂ ಅವರ ಕಣ್ಣೆದುರಿಗಿತ್ತು. ರಾನಡೆಯವರು ಕೊನೆಯವರೆಗೆ ಸರಕಾರದ ಸೇವೆಯಲ್ಲಿದ್ದರು. ಅಷ್ಟು ದೊಡ್ಡ ಬುದ್ಧಿಗೆ ಬಹಿರಂಗವಾದ ರಾಜಕಾರಣದ ಬಾಗಿಲು ಮುಚ್ಚಿದ್ದಿತು. ಬೇರೆಯವರ ಮೂಲಕ, ಬೇರೆಯವರ ಹೆಸರಿನಲ್ಲಿ ಎಷ್ಟೋ ಕೆಲಸವನ್ನು ಅವರು ಮಾಡಿಸಬೇಕಾಯಿತು. ಸರಕಾರಕ್ಕೆ ಸಂಶಯ ಬಂದಾಗ ವರ್ಗಾವಣೆಯ ತೊಂದರೆಯನ್ನೂ ಸಹಿಸಿದರು. ೧೯೦೧ರ ಜನವರಿ ೧೬ರಂದು, ಐವತ್ತೊಂಬತ್ತು ತುಂಬಲು ಎರಡು ದಿನ ಉಳಿದಿರುವಾಗ, ಅವರು ತೀರಿಕೊಂಡರು. ಆಗಲೂ ಅವರು ಹೈಕೋರ್ಟಿನ ನ್ಯಾಯಾಧೀಶರೇ. ಒಂದು ದಿನವೂ ತಮ್ಮದೆಂಬ ಸ್ವತಂತ್ರ ಕಾಲ ಅವರಿಗೆ ದೊರೆಯಲಿಲ್ಲ. ಇದಾದ ಇಪ್ಪತ್ತು ತಿಂಗಳಲ್ಲಿ ಶಿಷ್ಯನು ನೌಕರಿ ಬಿಟ್ಟನು.

ಬೀಳ್ಕೊಡುಗೆಯ ಸಭೆಯಲ್ಲಿ ಗೋಖಲೆಯವರು ಒಂದು ದೃಷ್ಟಾಂತ ಹೇಳಿದರು. ಕಡಲ ದಡದಲ್ಲಿ ಒಬ್ಬನಿಗೆ ಮನೆ, ಹೊಲ, ಪ್ರೀತಿಯ ಸಂಸಾರ ಎಲ್ಲವೂ ಇದ್ದುವಂತೆ. ಆದರೂ ಕಡಲಿನ ಮೋಹ ಅವನನ್ನು ಬಿಡಲಿಲ್ಲವಂತೆ. ತಾವೂ ಅಂಥದೇ ಮೋಹದಿಂದ ಸುರಕ್ಷಿತವಾದ ದಡವನ್ನು ಬಿಟ್ಟು ಸಾರ್ವಜನಿಕ ಜೀವನವೆಂಬ ಕಡಲಿಗೆ ಹೊರಟಿರುವುದಾಗಿ ಅವರು ಹೇಳಿದರು. ನಿವೃತ್ತಿಯನ್ನು ನಾವು ಅಲೆಗಳಿಂದ ದಡಕ್ಕೆ ಬರುವುದೆಂದು ತಿಳಿಯುತ್ತೇವೆ. ಅವರಿಗೆ ನೌಕರಿಯೇ ದಡವಾಗಿತ್ತು.

ಈ ಕಡಲಯಾನದ ಖರ್ಚಿಗೆ ಅವರಲ್ಲಿದ್ದುದೇನು? ಆ ಅಲ್ಪವಾದ ವಿಶ್ರಾಂತಿ ವೇತನ, ಅಂಕಗಣಿತದ ಪುಸ್ತಕದ ಗೌರವಧನ, ಮತ್ತು ಮಿತವಾದ ಬೇಡಿಕೆಗಳು. ಶಾಸನ ಸಭೆಯ ಭತ್ಯವೂ ಬರುತ್ತಿತ್ತು. ಅದರ ವಿಷಯದಲ್ಲಿ ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾರೆ. ೧೯೦೨ರ ಆರಂಭದಲ್ಲಿ ಅವರು ಕಲ್ಕತ್ತೆಯಲ್ಲಿ ಒಂದು ತಿಂಗಳು ಗೋಖಲೆಯವರ ಜತೆಗಿದ್ದರು. ಗೋಖಲೆಯವರು ಕುದುರೆ ಗಾಡಿ ಇಟ್ಟಿರುವುದನ್ನು ಕಂಡು, ಟ್ರಾಮಿನಲ್ಲಿ ಏಕೆ ಓಡಾಡಬಾರದೆಂದು ಕೇಳಿದರು. ಗೋಖಲೆಯವರಿಗೆ ನೋವಾಯಿತು. ಸಭೆಯ ಭತ್ಯವನ್ನು ತಮ್ಮ ಸುಖಕ್ಕೆ ಬಳಸುವುದಿಲ್ಲವೆಂದೂ, ಹೆಸರು ಬಂದವನಿಗೆ ಟ್ರಾಮಿನಲ್ಲಿ ಸ್ವತಂತ್ರವಾಗಿ ಓಡಾಡುವುದು ಕಷ್ಟವೆಂದೂ ತಿಳಿಸಿದರು. ಗಾಂಧೀಜಿಯವರು ಆ ಮಾತನ್ನು ಒಪ್ಪಿದರು. ಆದರೆ ಅವರದು ಇನ್ನೊಂದು ಪ್ರಶ್ನೆಯಿತ್ತು: ತಾವು ನಡೆದಾಡಲು ಕೂಡ ಹೋಗುವುದಿಲ್ಲವಲ್ಲ, ಆರೋಗ್ಯ ಕೆಡದೆ ಹೇಗಿದ್ದೀತು? ಹೊರಗೆ ಹೋಗಿಬರಲು ತಮಗೆ ಎಂದಾದರೂ ಬಿಡುವಿದ್ದುದನ್ನು ಕಂಡಿರಾ ಎಂದು ಗೋಖಲೆಯವರು ಮರಳಿ ಕೇಳಿದರು. ಗಾಂಧೀಜಿಯವರಿಗೆ ಆ ಉತ್ತರ ಸಮಾಧಾನ ತರಲಿಲ್ಲ. ಮುಂದಾದುದನ್ನು ನೋಡಿದರೆ ಗಾಡಿಯ ಪ್ರಶ್ನೆಗಿಂತ ಈ ಪ್ರಶ್ನೆಯೇ ದೊಡ್ಡದಾಗಿತ್ತು ಎನಿಸುತ್ತದೆ.

ನಿವೃತ್ತಿಯ ಮೇಲಿನ ಹನ್ನೆರಡು ವರುಷಗಳಲ್ಲಿ ಅವರು ಮಾಡಿದ ಕೆಲಸವನ್ನು ಪಟ್ಟಿ ಮಾಡಿದರೆ ದಣಿವಾಗುತ್ತದೆ. ಬಡವನ ಉಪ್ಪಿನ ಮೇಲಿನ ತೆರಿಗೆಯನ್ನು ಇಳಿಸಬೇಕೆಂದು ವರುಷ ವರುಷವೂ ವಾದಿಸಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಆ ತೆರಿಗೆ ೧೯೦೩ರಿಂದ ಹಂತಹಂತವಾಗಿ ಇಳಿದು ೧೯೦೭ರಲ್ಲಿ ಒಂದು ರೂಪಾಯಿಗೆ ಬಂದಿತು. ೧೯೦೫ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾಶಿಯ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ೧೯೧೧ರಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಮರುವರುಷ ಅದು ಸೋತಿತು. ೧೯೧೨ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ ಅಲ್ಲಿಯ ಭಾರತೀಯರ ಕಷ್ಟವನ್ನು ಕಂಡುಬಂದರು. ಇವೆಲ್ಲದರ ನಡುವೆ ಇಂಗ್ಲೆಂಡಿಗೆ ಮತ್ತೆ ಮತ್ತೆ ಪ್ರಯಾಣ.

ತಮ್ಮ ನಿವೃತ್ತಿಯಿಂದ ಕಲಿತ ಪಾಠವನ್ನು ಅವರು ಒಂದು ಸಂಸ್ಥೆಯ ರೂಪಕ್ಕೂ ತಂದರು. ೧೯೦೫ರ ಜೂನ್ ೧೨ರಂದು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಸಂಸ್ಥೆಯು ಸದಸ್ಯನ ಸಂಸಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಕೊಡುತ್ತದೆ. ಸದಸ್ಯನು ತನಗಾಗಿ ಹಣ ಸಂಪಾದಿಸುವುದರಲ್ಲಿ ಶಕ್ತಿ ವ್ಯಯಿಸುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಾನೆ. ಮದರಾಸಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಶ್ರೀನಿವಾಸಶಾಸ್ತ್ರಿಗಳು ೧೯೦೭ರಲ್ಲಿ ಅದನ್ನು ಸೇರಿದಾಗ ಅವರಿಗೂ ಮೂವತ್ತೇಳೇ ವರುಷ. ಒಬ್ಬ ಮನುಷ್ಯ ದುಡಿಮೆಯ ಬಂಧನದಿಂದ ಬೇಗ ಬಿಡುಗಡೆಯಾಗಬೇಕಾದರೆ ಅವನೊಬ್ಬನೇ ದೊಡ್ಡ ಗಂಟು ಕಟ್ಟಬೇಕಾಗಿಲ್ಲ, ಹಲವರು ಸೇರಿ ಒಂದು ಚಿಕ್ಕ ಆಸರೆ ಕಟ್ಟಿಕೊಂಡರೂ ನಡೆಯುತ್ತದೆ ಎಂಬುದನ್ನು ಪುಣೆಯ ಈ ಎರಡು ಸಂಸ್ಥೆಗಳೂ ತೋರಿಸಿದವು. ಇಂದಿನ ಲೆಕ್ಕಾಚಾರಗಳಲ್ಲಿ ಕಾಣದಿರುವುದು ಇದೊಂದೇ ಬಾಬತ್ತು. ಈಗ ಪ್ರತಿಯೊಬ್ಬನೂ ತನ್ನ ಕೋಟೆಯನ್ನು ತಾನೇ ಕಟ್ಟಿಕೊಳ್ಳಬೇಕಾಗಿದೆ. ಗೋಡೆ ಎಷ್ಟು ಎತ್ತರವಾದರೂ ಸಾಲದೆಂಬ ಭಯ ಅದರೊಳಗೇ ಬೆಳೆಯುತ್ತದೆ.

ಕನ್ನಡ ನಾಡಿಗೂ ಈ ಪದ್ಧತಿಯ ಗಾಳಿ ಬೀಸಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ತರುಣರು ಪುಣೆಯ ಮಾದರಿಯನ್ನು ಕಂಡವರು. ಆಜೀವ ಸದಸ್ಯರ ಏರ್ಪಾಟು ಅಲ್ಲಿಯೂ ಬಂದಿತು. ಅವರನ್ನು ಸಪ್ತರ್ಷಿಗಳೆಂದು ಜನ ಇಂದಿಗೂ ನೆನೆಯುತ್ತಾರೆ. ಡಿ.ವಿ. ಗುಂಡಪ್ಪನವರು ಗೋಖಲೆಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ತೆರೆದರು. ಸ್ವಂತಕ್ಕೆ ಕಡಿಮೆ ಸಾಕು, ಊರಿಗೆ ಹೆಚ್ಚು ಬೇಕು ಎಂಬ ಆ ತಲೆಮಾರಿನ ಧೋರಣೆ ನಮಗೆ ಪರಕೀಯವಾದುದಲ್ಲ.

ಇಷ್ಟು ಹೇಳಿದ ಮೇಲೆ ಜಮೆಯನ್ನಷ್ಟೇ ತೋರಿಸಿ ಖರ್ಚನ್ನು ಮರೆಸುವುದು ನ್ಯಾಯವಲ್ಲ. ನಿವೃತ್ತಿಗೆ ಮೊದಲೇ ಗೋಖಲೆಯವರ ಪತ್ನಿ ತೀರಿಕೊಂಡಿದ್ದರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಕಲ್ಕತ್ತೆ, ಸಿಮ್ಲಾ, ಲಂಡನ್ ಎಂದು ಅಲೆಯುವ ತಂದೆಯನ್ನು ಆ ಮಕ್ಕಳು ಎಷ್ಟು ಕಂಡಾರು? ಗೋಖಲೆಯವರಿಗೆ ಸಿಹಿಮೂತ್ರದ ಬೇನೆ ಹತ್ತಿತು. ಇನ್ಸುಲಿನ್ ಇನ್ನೂ ಬಾರದಿದ್ದ ಕಾಲವದು. ವಿಶ್ರಾಂತಿ ಬೇಕೆಂದು ತಿಳಿದಿದ್ದರೂ ಅವರು ಅದನ್ನು ತೆಗೆದುಕೊಳ್ಳಲಿಲ್ಲ. ೧೯೧೫ರ ಫೆಬ್ರುವರಿ ೧೯ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ತೀರಿಕೊಂಡರು. ನಾಡಿನ ಆಯವ್ಯಯದಲ್ಲಿ ಒಂದು ರೂಪಾಯಿಯ ತಪ್ಪನ್ನೂ ಬಿಡದ, ಮಕ್ಕಳಿಗೆ ಅಂಕಗಣಿತ ಬರೆದುಕೊಟ್ಟ ಆ ಮನುಷ್ಯ ತಮ್ಮ ಶರೀರದ ಲೆಕ್ಕವೊಂದನ್ನು ಮಾತ್ರ ಮಾಡಲಿಲ್ಲ. ವಿಶ್ರಾಂತಿ ವೇತನವನ್ನು ಪಡೆದು ವಿಶ್ರಾಂತಿಯನ್ನು ಬಿಟ್ಟರು.

ಅವರ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ನೋಡಬಹುದು. ತಿಲಕರು ಬಿಟ್ಟುಹೋದ ಗಣಿತದ ಪಾಠಕ್ಕೆ ಗೋಖಲೆಯವರು ೧೮೯೧ರಲ್ಲಿ ಕರೆತಂದುದು ತಮ್ಮ ಎಲ್ಫಿನ್‌ಸ್ಟನ್ ಕಾಲೇಜಿನ ಸಹಪಾಠಿ ಧೋಂಡೋ ಕೇಶವ ಕರ್ವೆಯವರನ್ನು. ಕರ್ವೆಯವರು ಅದೇ ಪದ್ಧತಿಯಲ್ಲಿ ದುಡಿದು, ನಡುವೆಯೇ ವಿಧವೆಯರ ಆಶ್ರಮವನ್ನು ಕಟ್ಟಿ, ೧೯೧೪ರಲ್ಲಿ ಐವತ್ತಾರನೆಯ ವಯಸ್ಸಿನಲ್ಲಿ ನಿವೃತ್ತರಾದರು. ೧೯೧೬ರಲ್ಲಿ ಮಹಿಳಾ ವಿಶ್ವವಿದ್ಯಾಲಯ ತೆರೆದರು; ೧೯೫೮ರಲ್ಲಿ ಭಾರತರತ್ನರಾದರು; ೧೯೬೨ರಲ್ಲಿ ನೂರನಾಲ್ಕು ವರುಷದವರಾಗಿ ತೀರಿಕೊಂಡರು. ನಿವೃತ್ತಿಯ ಮೇಲೆ ಅವರು ಬದುಕಿದ್ದುದು ನಲವತ್ತೆಂಟು ವರುಷ. ಗೋಖಲೆಯವರ ಇಡೀ ಆಯುಷ್ಯವೇ ಅಷ್ಟು.

ಇದರಿಂದ ತಿಳಿಯುವುದೇನು? ಐವತ್ತಾರಕ್ಕೆ ಬಿಟ್ಟವರಿಗೂ ಕಾಲ ಸಾಕಾಗಬಹುದು, ಮೂವತ್ತಾರಕ್ಕೆ ಬಿಟ್ಟವರಿಗೂ ಸಾಲದೆ ಹೋಗಬಹುದು. ಯಾರ ಹುಂಡಿಯಲ್ಲಿ ಎಷ್ಟು ವರುಷವಿದೆಯೆಂದು ಯಾವ ಬ್ಯಾಂಕೂ ತಿಳಿಸುವುದಿಲ್ಲ. ಗೋಖಲೆಯವರು ಸರಕಾರಿ ನೌಕರರಂತೆ ಐವತ್ತೈದನ್ನು ಕಾದಿದ್ದರೆ ಅವರ ಬಿಡುಗಡೆ ೧೯೨೧ರಲ್ಲಿ ಬರಬೇಕಾಗಿತ್ತು. ಅಂದರೆ ಬರುತ್ತಲೇ ಇರಲಿಲ್ಲ. ನಾಡಿಗೆ ಗೋಖಲೆಯವರೆಂದು ಇಂದು ತಿಳಿದಿರುವ ಮನುಷ್ಯನ ಬಹುಪಾಲು ಕೆಲಸ ಆ ಹನ್ನೆರಡು ವರುಷಗಳಲ್ಲಿಯೇ ಆದುದು. ಹಾಗೆ ನೋಡಿದರೆ ಅವರು ಬೇಗ ಬಿಟ್ಟುದು ಸರಿಯಾದ ಲೆಕ್ಕ.

ಮೂವತ್ತರಲ್ಲಿ ನಿವೃತ್ತಿಯ ಯೋಜನೆ ಹಾಕುವ ಇಂದಿನ ತರುಣನನ್ನು ನಗೆಯಾಡುವುದಕ್ಕೆ ಮೊದಲು ನಾವು ಹಿರಿಯರು ಈ ೧೯೨೧ ಎಂಬ ಅಂಕಿಯನ್ನು ಒಮ್ಮೆ ನೆನೆಯಬೇಕು. ಆ ತರುಣನೂ ತನ್ನ ಪಟ್ಟಿಯಲ್ಲಿ ಬಡ್ಡಿಯ ದರವನ್ನು ಬರೆದಾದ ಮೇಲೆ ಇನ್ನು ಮೂರು ಸಾಲು ಬರೆದುಕೊಂಡರೆ ಒಳ್ಳೆಯದು. ಕಡಿಮೆಯಲ್ಲಿ ಬದುಕುವ ಅಭ್ಯಾಸ ನನಗಾಗಿದೆಯೆ? ಬಿಟ್ಟ ಮರುದಿನ ಮಾಡಬೇಕಾದ ಕೆಲಸವನ್ನು ಇಂದೇ ಆರಂಭಿಸಿದ್ದೇನೆಯೆ? ನನ್ನ ಬಿಡುಗಡೆಗೆ ೧೫ ರೂಪಾಯಿಯಲ್ಲಿ ೮ನ್ನು ಕಳುಹಿಸಿದವರು ಯಾರು? ಗೋಖಲೆಯವರು ಮೊದಲ ಎರಡಕ್ಕೆ ಇಪ್ಪತ್ತನೆಯ ವರುಷದಿಂದಲೇ ಉತ್ತರ ಬರೆಯತೊಡಗಿದ್ದರು. ಮೂರನೆಯ ಸಾಲದ ತೀರುವಳಿಗೆ ಅವರು ಇಡೀ ದೇಶಕ್ಕಾಗಿ ದುಡಿದರು. ನಾಲ್ಕನೆಯದೊಂದು ಸಾಲು ಅವರ ಪಟ್ಟಿಯಲ್ಲಿ ಖಾಲಿಯೇ ಉಳಿದಿತ್ತು. ಅದನ್ನು ಕಲ್ಕತ್ತೆಯಲ್ಲಿ ಗಾಂಧೀಜಿಯವರು ಬೆರಳಿಟ್ಟು ತೋರಿಸಿದ್ದರು: ದಿನಕ್ಕೊಮ್ಮೆ ಹೊರಗೆ ಹೋಗಿ ನಡೆದುಬರಲು ಬಿಡುವಿದೆಯೆ?